ಪ್ರತಿಕ್ರಿಯೆ: ವಸ್ತಾದರು ಬೈದರೆ ಮಗ ಮ್ಯಾಟ್ ಮೇಲೆ ಸಿಟ್ಟಿಗೇಳುವುದು

ಮುಧೋಳದವರೇ, ಕುಸ್ತಿ ಕಲಿಸುವ ವಸ್ತಾದರು ಮೂಲೆಯಿಂದ ಬೈದ ಕೂಡಲೇ ಹದಿನೈದರ ಮಗ ಪಟ್ಟು ಬಿಟ್ಟು ಎದುರಾಳಿಯನ್ನು ಗುದ್ದುತ್ತಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ದನಿ ಜೋರಿದ್ದರೆ ತಪ್ಪಿಲ್ಲರೀ, ಕಣದಲ್ಲಿ ಹಲಗಿ ಬಡಿಯುವಾಗ ಮೆಲ್ಲಗೆ ಹೇಳಿದರೆ ಯಾರಿಗೆ ಕೇಳಿಸುತ್ತದೆ? ಮಾತು ಎಲ್ಲಿಗೆ ತಾಗುತ್ತದೆ ನೋಡಿ. “ಎಡಗಾಲ ಹಿಂದ ತಗಿ” ಅಂದರೆ ಕಾಲಿಗೆ ಕೆಲಸ ಸಿಗುತ್ತದೆ; “ಥೂ, ಮಾನ ಕಳದಿ” ಅಂದರೆ ಜನರೆದುರು ಅವಮಾನ. ವಸ್ತಾದರಿಗೆ ಹುಡುಗ ತಿರುಗಿ ಮಾತಾಡುವಂತಿಲ್ಲ, ಸಿಟ್ಟು ಎದುರಾಳಿಯ ಕುತ್ತಿಗೆಗೆ ಹೋಗುತ್ತದೆ. ಹಾಗೆ ತಲೆ ತಗ್ಗಿಸಿ ನುಗ್ಗಿದವನನ್ನು ಕೆಳಕ್ಕೆಳೆದು ಬೆನ್ನ ಹಿಂದೆ ಹೋದರೆ ಎದುರಾಳಿಗೆ ಸಲೀಸಾಗಿ 2 ಅಂಕ.

ಎರಡು ಸುತ್ತಿನ ನಡುವಿನ 30 ಸೆಕೆಂಡನ್ನು ಮೊದಲು ಸರಿಮಾಡಿಸಿ. ಆರಂಭದ 10 ಸೆಕೆಂಡು ಯಾರೂ ಮಾತಾಡಬಾರದು: ಟವೆಲ್, ಒಂದು ಗುಟುಕು ನೀರು, ಉದ್ದಕ್ಕೆ ಉಸಿರು ಬಿಡುವುದು. ಆಮೇಲೆ ಒಂದೇ ಸೂಚನೆ, ಅದನ್ನು ಹುಡುಗನೇ ತಿರುಗಿ ಹೇಳಬೇಕು. ಮೂರು ಹೇಳಿದರೆ ಒಂದೂ ಉಳಿಯುವುದಿಲ್ಲ. “ಶಾಂತ ಇರೋ” ಅಂತ ಕೂಗುವುದು ವ್ಯರ್ಥ. ರೆಫ್ರಿಗೆ ವಸ್ತಾದರೇ ಬೈದರಂತೂ ಹುಡುಗನ ಸಿಟ್ಟಿಗೆ ಪರವಾನಗಿ ಸಿಕ್ಕಂತೆ. ಸೋತ ಕುಸ್ತಿಯ ಮಾತು ಮರುದಿನ, ಅವನೊಬ್ಬನೇ ಇದ್ದಾಗ.

ವಸ್ತಾದರ ಮುಂದೆ ಇದನ್ನು ತಾಲೀಮು ಮುಗಿದ ಮೇಲೆ, ಉಳಿದ ಪೈಲವಾನರು ಇಲ್ಲದಾಗ ಎತ್ತಿ. “ಬೈಬ್ಯಾಡ್ರಿ” ಅನ್ನಬೇಡಿ, “ಇವಗ ಯಾವ ಎರಡ ಶಬ್ದ ಕೂಗ್ತೀರಿ, ಈಗ ಗೊತ್ತ ಮಾಡ್ರಿ” ಅಂತ ಕೇಳಿ.