ಝನ್‌ಸ್ಕಾರ್ ದಾರಿಗೆ ಕುದುರೆಯೋ, ಹೇಸರಗತ್ತೆಯೋ?

ಪ್ರಶ್ನೆ: ಮೈಸೂರಿನಲ್ಲಿ ಎರಡು ವರ್ಷ ಕುದುರೆ ಸವಾರಿ ಕಲಿತಿದ್ದೇನೆ. ಆಗಸ್ಟ್‌ನಲ್ಲಿ ಗೆಳೆಯನೊಂದಿಗೆ ಲಡಾಖಿನ ಝನ್‌ಸ್ಕಾರ್ ಕಣಿವೆಯಲ್ಲಿ ಹದಿನೈದು ದಿನ ಸವಾರಿ ಹೋಗಬೇಕೆಂದಿದ್ದೇನೆ. ಅಲ್ಲಿಯವರಿಂದಲೇ ಪ್ರಾಣಿಗಳನ್ನು ಬಾಡಿಗೆಗೆ ಪಡೆಯುತ್ತೇವೆ. ಕುದುರೆ ಒಳ್ಳೆಯದೋ, ಹೇಸರಗತ್ತೆಯೋ? ಆರೈಕೆ ಹೇಗೆ? ನನ್ನ ತೂಕ 78 ಕಿಲೋ.

ಉತ್ತರ: ತೂಕವನ್ನು ನೀವೇ ತಿಳಿಸಿದ್ದು ಒಳ್ಳೆಯದಾಯಿತು, ಬಹಳ ಮಂದಿ ಕುದುರೆಯ ಬಣ್ಣ, ಎತ್ತರ ವಿಚಾರಿಸುತ್ತಾರೆಯೇ ಹೊರತು ತಮ್ಮ ತೂಕದ ಮಾತೆತ್ತುವುದಿಲ್ಲ. ಸವಾರ, ಜೀನು, ಚೀಲ ಎಲ್ಲವೂ ಸೇರಿ ಪ್ರಾಣಿಯ ತೂಕದ ಐದರಲ್ಲೊಂದು ಪಾಲನ್ನು ಮೀರಬಾರದೆಂಬುದು ರೂಢಿಯ ಲೆಕ್ಕ. ಝನ್‌ಸ್ಕಾರಿ ಕುದುರೆ ಸುಮಾರು 120ರಿಂದ 140 ಸೆಂ.ಮೀ. ಎತ್ತರದ ಗಿಡ್ಡ ತಳಿ. ಅದು 320 ಕಿಲೋ ತೂಗುತ್ತದೆಂದು ಹಿಡಿದರೂ ಹೊರಿಸಬಹುದಾದದ್ದು 64 ಕಿಲೋ. ಜೀನು ಸೇರಿದರೆ ನೀವೇ 90ರ ಹತ್ತಿರ ಬರುತ್ತೀರಿ. ಆದ್ದರಿಂದ ಎರಡು ಪ್ರಾಣಿಗಳನ್ನು ಪಡೆದು ದಿನಕ್ಕೊಂದರಂತೆ ಹತ್ತಿ, ಕಡಿದಾದ ಏರಿನಲ್ಲೂ ಇಳಿಜಾರಿನಲ್ಲೂ ಇಳಿದು ನಡೆಯಿರಿ. ಸವಾರಿಗೆಂದು ಹೋಗಿ ನಡೆಯುವುದೇ ಎಂದು ಅನ್ನಿಸಬಹುದು. ದೂರದ ಸವಾರರೆಲ್ಲ ನಡೆದೇ ನಡೆಯುತ್ತಾರೆ.

ಸವಾರಿಗೆ ಕುದುರೆ, ಸಾಮಾನಿಗೆ ಹೇಸರಗತ್ತೆ ಎಂಬುದು ನನ್ನ ಅಭಿಪ್ರಾಯ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ ಹೇಸರಗತ್ತೆ ಕಡಿಮೆ ಮೇವಿನಲ್ಲಿ ಬಾಳುತ್ತದೆ, ಅದರ ಗೊರಸೂ ಗಟ್ಟಿ. ಅದು ಕಾಲಿಡಲು ಒಪ್ಪದೆ ನಿಂತರೆ ಮೊಂಡುತನವೆಂದು ಹೊಡೆಯಬೇಡಿ, ಮುಂದಿನ ನೆಲವನ್ನು ಒಮ್ಮೆ ನೋಡಿ. ಗುಂಪಿನಲ್ಲಿ ಒಂದು ಹೆಣ್ಣು ಕುದುರೆಯಿದ್ದರೆ ಹೇಸರಗತ್ತೆಗಳು ಅದರ ಹಿಂದೆ ತಾವಾಗಿಯೇ ಬರುತ್ತವೆ.

ವಯಸ್ಸಿಗೆ ಅಂಜಬೇಡಿ. 1925ರಲ್ಲಿ ಬ್ಯೂನಸ್ ಐರಿಸ್‌ನಿಂದ ಹೊರಟು 1928ರಲ್ಲಿ ನ್ಯೂಯಾರ್ಕ್ ತಲುಪಿದ ದೂರದ ಸವಾರ ಏಮೆ ಚಿಫೆಲಿಯ ಕುದುರೆಗಳಾದ ಮಂಚಾ ಮತ್ತು ಗಾತೊ ಹೊರಡುವಾಗಲೇ ಹದಿನೈದರ ಆಸುಪಾಸಿನವು. ನೋಡಬೇಕಾದದ್ದು ಬೆನ್ನನ್ನು, ಏಕೆಂದರೆ ಇಂಥ ಪ್ರಯಾಣಗಳು ಅರ್ಧಕ್ಕೆ ನಿಲ್ಲುವುದು ಕಾಲಿಗಿಂತ ಹೆಚ್ಚಾಗಿ ಬೆನ್ನಿನ ಹುಣ್ಣಿನಿಂದ. ಕಂದು ಮೈಯಲ್ಲಿ ಜೀನು ಕೂರುವ ಜಾಗದಲ್ಲಿ ಮಾತ್ರ ನಾಣ್ಯದಗಲ ಬಿಳಿ ಕೂದಲಿದ್ದರೆ ಅಲ್ಲಿ ಹಿಂದೆ ಹುಣ್ಣಾಗಿ ಮಾಗಿದೆ ಎಂದರ್ಥ. ಬೆನ್ನುಮೂಳೆಯ ಎರಡೂ ಬದಿಯಲ್ಲಿ ಬೆರಳ ತುದಿಗಳನ್ನು ಒತ್ತುತ್ತ ಹಿಂದಕ್ಕೆ ಸಾಗಿ. ಪ್ರಾಣಿ ಕಿವಿಯನ್ನು ಹಿಂದಕ್ಕೆ ಮಡಚಿ ಬೆನ್ನು ತಗ್ಗಿಸಿದರೆ ಅದನ್ನು ಬಿಟ್ಟು ಬೇರೊಂದನ್ನು ಕೇಳಿ.

ಜೀನನ್ನು ನೀವೇ ಹಾಕಿ. ಕೆಳಗಿನ ಕಂಬಳಿಯನ್ನು ಮುಂದೆ ಇಟ್ಟು, ಕೂದಲು ಒರಗಿದ ದಿಕ್ಕಿಗೇ ಹಿಂದಕ್ಕೆ ಸರಿಸಬೇಕು. ಒಂದು ಮಡಿಕೆ, ಒಂದು ಒಣಕಡ್ಡಿ ಉಳಿದರೂ ಸಂಜೆಯೊಳಗೆ ಬೊಕ್ಕೆ ಏಳುತ್ತದೆ. ಹೇಸರಗತ್ತೆಯ ಹೆಗಲು ತಗ್ಗಾಗಿರುವುದರಿಂದ ಇಳಿಜಾರಿನಲ್ಲಿ ಹೊರೆ ಮುಂದಕ್ಕೆ ಜಾರುತ್ತದೆ. ಬಾಲದ ಅಡಿಯಲ್ಲಿ ಹಾಯುವ ಪಟ್ಟಿ ಅದಕ್ಕೆ ಬೇಕೇ ಬೇಕು. ತಂಗಿದೊಡನೆ ಜೀನು ಕೀಳದೆ, ಹೊಟ್ಟೆಪಟ್ಟಿಯನ್ನು ಸಡಿಲಿಸಿ ಕಾಲು ಗಂಟೆ ಬಿಡಿ. ಒತ್ತಿಹೋದ ಚರ್ಮಕ್ಕೆ ರಕ್ತ ಮೆಲ್ಲಗೆ ಹರಿಯಲಿ.

ನಮ್ಮಲ್ಲಿ ಕುದುರೆಗೆ ಹುರುಳಿ ಬೇಯಿಸಿ ಹಾಕುವುದುಂಟು, ಆದರೆ ಅದನ್ನು ಅಲ್ಲಿಗೆ ಹೊತ್ತೊಯ್ಯಬೇಡಿ. ಬಾರ್ಲಿ ತಿಂದು ಬೆಳೆದ ಪ್ರಾಣಿಗೆ ಒಮ್ಮೆಲೇ ಕಾಳು ಬದಲಿಸಿದರೆ ಹೊಟ್ಟೆಶೂಲೆ ಬರಬಹುದು. ಕುದುರೆಗೆ ವಾಂತಿ ಮಾಡುವ ಶಕ್ತಿಯೇ ಇಲ್ಲದ್ದರಿಂದ ಅದು ಪ್ರಾಣಕ್ಕೆ ಎರವಾದೀತು. ಹುಲ್ಲು ಮೊದಲು, ಕಾಳು ಆಮೇಲೆ, ಅದೂ ದಿನಕ್ಕೆ ಮೂರು ಬಾರಿ ಸ್ವಲ್ಪ ಸ್ವಲ್ಪ. ಬಿಡುವಿನ ದಿನ ಕಾಳನ್ನು ಅರ್ಧಕ್ಕೆ ಇಳಿಸಿ, ಇಲ್ಲವಾದರೆ ಮರುದಿನ ಹೊರಟೊಡನೆ ತೊಡೆಯ ಸ್ನಾಯುಗಳು ಸೆಟೆದುಕೊಳ್ಳುವ ಅಪಾಯವಿದೆ. ನೀರಿಗೆ ನಿಮ್ಮದೇ ಬಕೆಟ್ ಇರಲಿ. ಸೋಂಕುಗಳು ಹರಡುವುದು ಹಲವು ಪ್ರಾಣಿಗಳು ಬಾಯಿಡುವ ತೊಟ್ಟಿಗಳಿಂದಲೂ.

ಲಾಳ ಹೊಸದಾಗಿ ಹೊಡೆಸಿದೆಯೇ ಎಂದು ಹೊರಡುವ ಮುನ್ನ ನೋಡಿ, ಪ್ರತಿ ಸಂಜೆ ಗೊರಸಿನ ಕಲ್ಲು ತೆಗೆಯಿರಿ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ ಸುಮಾರು 28ರಿಂದ 44. ಎತ್ತರದಲ್ಲಿ ಇದು ತುಸು ಏರಬಹುದು, ಆದ್ದರಿಂದ ಮೊದಲ ಮೂರು ಬೆಳಗಿನ ಲೆಕ್ಕವನ್ನು ಬರೆದಿಟ್ಟು ಅದರೊಂದಿಗೇ ಹೋಲಿಸಿ. ನಿಂತು ಅರ್ಧ ಗಂಟೆಯಾದರೂ 64ಕ್ಕಿಂತ ಕೆಳಗಿಳಿಯದಿದ್ದರೆ ಆ ದಿನದ ದಾರಿ ಅಲ್ಲಿಗೇ ಮುಗಿಯಿತೆಂದು ಡೇರೆ ಹಾಕಿ.