ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಗ್ರೂಪ್ ಸ್ಟಡಿ ಪ್ರಯೋಜನವೋ, ಕಾಲಹರಣವೋ?

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಇಂಜಿನಿಯರಿಂಗ್ ಸೇರಿದ್ದೀರಿ, ಮೊದಲ ಇಂಟರ್ನಲ್ಸ್‌ನ (ಕಾಲೇಜೇ ನಡೆಸುವ ಆಂತರಿಕ ಪರೀಕ್ಷೆಯ) ಗಣಿತದಲ್ಲಿ 30ಕ್ಕೆ 9 ಬಂದಿದೆ, ಗೆಳೆಯರ ಜೊತೆ ಕೂತು ಓದಿದರೆ ಉಪಯೋಗವಾಗುತ್ತದೆಯೇ ಎಂದು ಕೇಳಿದ್ದೀರಿ. ಉಪಯೋಗವೂ ಆಗುತ್ತದೆ, ಕಾಲಹರಣವೂ ಆಗುತ್ತದೆ. ನಾನು ಎರಡನ್ನೂ ಮಾಡಿದವನು.

ನನ್ನ ಮೊದಲ ಅಂಕ ನಿಮ್ಮದಕ್ಕಿಂತ ಕಡಿಮೆ, ಎಷ್ಟೆಂದು ಹೇಳುವುದಿಲ್ಲ. ಹೆದರಿ ಹಾಸ್ಟೆಲಿನಲ್ಲಿ ಆರು ಜನ ಒಟ್ಟಿಗೆ ಓದಲು ಶುರುಮಾಡಿದೆವು. ಲೆಕ್ಕ ಚೆನ್ನಾಗಿ ಬರುತ್ತಿದ್ದ ಒಬ್ಬ ಬಿಡಿಸುತ್ತಿದ್ದ, ಉಳಿದವರು ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದೆವು. ಹತ್ತು ಗಂಟೆಯ ಹೊತ್ತಿಗೆ ಮಾತು ಕ್ರಿಕೆಟ್ಟಿಗೆ ತಿರುಗುತ್ತಿತ್ತು. ಕೋಣೆಗೆ ಬಂದು ಅದೇ ಲೆಕ್ಕಕ್ಕೆ ಕೂತರೆ ಎರಡನೆಯ ಸಾಲಿನಲ್ಲೇ ಗಾಡಿ ನಿಲ್ಲುತ್ತಿತ್ತು.

ಒಂದು ವಾರ ಆ ಲೆಕ್ಕದವನು ಊರಿಗೆ ಹೋದ. ಬೇರೆ ದಾರಿಯಿಲ್ಲದೆ ಊಟಕ್ಕೆ ಮೊದಲು ಐದೂ ಜನ ನಮ್ಮ ನಮ್ಮ ಕೋಣೆಯಲ್ಲಿ ಒಂದೇ ಲೆಕ್ಕ ಮಾಡಿದೆವು: ಕಾರ್ಡಿಯಾಯ್ಡ್ ಎಂಬ ಹೃದಯಾಕಾರದ ವಕ್ರರೇಖೆ, ಅಂದರೆ ಆರ್ ಈಕ್ವಲ್ಸ್ ಎ ಇಂಟು ಒನ್ ಪ್ಲಸ್ ಕಾಸ್ ಥೀಟಾ, ರೇಡಿಯಸ್ ವೆಕ್ಟರಿಗೂ ಸ್ಪರ್ಶಕಕ್ಕೂ ನಡುವಿನ ಕೋನ ಎಷ್ಟು? ಊಟವಾದ ಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮೂವರಿಗೆ ಪೈ ಬೈ ಟೂ ಮೈನಸ್ ಥೀಟಾ ಬೈ ಟೂ, ಇಬ್ಬರಿಗೆ ಪ್ಲಸ್. ಒಂದು ಗಂಟೆ ಜಗಳ. ಕೊನೆಗೆ ಸಿಕ್ಕಿತು: ಕಾಸ್ ಥೀಟಾವನ್ನು ಡಿಫರೆನ್ಷಿಯೇಟ್ ಮಾಡಿದಾಗ ಬರುವ ಮೈನಸ್ ಚಿಹ್ನೆಯನ್ನು ನಾವು ಮೂವರೂ ಮುಂದಿನ ಸಾಲಿಗೆ ಇಳಿಸುವಾಗ ನುಂಗಿಬಿಟ್ಟಿದ್ದೆವು. ಬಹುಮತ ನಮ್ಮದೇ ಇತ್ತು, ಉತ್ತರ ಮಾತ್ರ ತಪ್ಪು. ಆ ಮೈನಸ್ಸನ್ನು ನಾನು ಈವರೆಗೆ ಮತ್ತೆ ಮರೆತಿಲ್ಲ.

ಇನ್ನೊಂದು ಲಾಭವನ್ನು ನಾನು ಎಣಿಸಿರಲಿಲ್ಲ. ತರಗತಿಯಲ್ಲಿ ಸಂಶಯ ಕೇಳಲು ನಾನು ಮನಸ್ಸಿನಲ್ಲಿ ಇಂಗ್ಲಿಷ್ ಜೋಡಿಸಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಬೋರ್ಡ್ ಒರೆಸಿರುತ್ತಿದ್ದರು. ಇಲ್ಲಿ ಕನ್ನಡದಲ್ಲೇ ಜಗಳವಾಡಬಹುದಿತ್ತು.

ಇದೇ ಸಂಗತಿಯನ್ನು ಬಹಳ ಹಿಂದೆಯೇ ಒಬ್ಬರು ಕೂತು ಗಮನಿಸಿದ್ದರೆಂದು ಆಮೇಲೆ ಓದಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕ್ಯಾಲ್ಕುಲಸ್‌ಗೆ ಸೇರಿದ ಕಪ್ಪು ವರ್ಣೀಯ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಫೇಲಾಗುತ್ತಿದ್ದರು. ಆಸಕ್ತಿಯಿಲ್ಲ, ಮನೆಯ ಪರಿಸ್ಥಿತಿ ಸರಿಯಿಲ್ಲ ಎಂದು ಅಧ್ಯಾಪಕರು ಊಹಿಸುತ್ತಿದ್ದರು. ಅಲ್ಲೇ ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದ ಯೂರಿ ಟ್ರೈಸ್‌ಮನ್ ಆ ವಿದ್ಯಾರ್ಥಿಗಳ ಜೊತೆಗೇ ಓಡಾಡಿ ನೋಡಿದರೆ ಆ ಊಹೆಗಳು ಸುಳ್ಳಾದವು. ಅವರು ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದ ವಿದ್ಯಾರ್ಥಿಗಳು ಮೊದಲು ಒಬ್ಬರೇ ಮಾಡಿ, ಸಂಜೆ ಸೇರಿ ಉತ್ತರ ತಾಳೆ ನೋಡಿ, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಯಾರಿಗೂ ಬರದಿದ್ದರೆ ಲೆಕ್ಕವೇ ಕಷ್ಟದ್ದು, ನಾನು ದಡ್ಡನಲ್ಲ ಎಂದು ತಿಳಿಯುತ್ತಿತ್ತು. ಒಬ್ಬನೇ ಕೂತವನಿಗೆ ಇದು ತಿಳಿಯುವ ದಾರಿಯೇ ಇಲ್ಲ. ಟ್ರೈಸ್‌ಮನ್ ಆಮೇಲೆ ನಡೆಸಿದ ಗುಂಪುಗಳನ್ನು ‘ಹಿಂದುಳಿದವರ ತರಗತಿ’ ಎಂದು ಕರೆಯಲಿಲ್ಲ. ತರಗತಿಯದಕ್ಕಿಂತ ಕಷ್ಟದ ಲೆಕ್ಕಗಳನ್ನೇ ಕೊಟ್ಟರು. ಸೇರಿದವರ ಫಲಿತಾಂಶ ಎದ್ದುಕಾಣುವಷ್ಟು ಸುಧಾರಿಸಿತು.

ಅಮೆರಿಕದ ಕಾಲೇಜುಗಳು ಇಂಥ ಗುಂಪನ್ನು ಕಟ್ಟಲು ಇನ್ನೊಂದು ಉಪಾಯವನ್ನೂ ಮಾಡುತ್ತವೆ. ಅಲ್ಲಿ ಒಬ್ಬೊಬ್ಬರ ವೇಳಾಪಟ್ಟಿ ಬೇರೆಬೇರೆ. ಹಾಗಾಗಿ ಹೊಸಬರನ್ನು ಒಟ್ಟು ಹಾಕಿ ಎರಡು ಮೂರು ಕೋರ್ಸುಗಳಿಗೆ ಜೊತೆಯಲ್ಲೇ ಕಳುಹಿಸುತ್ತಾರೆ. ನ್ಯೂಯಾರ್ಕಿನ ಕಿಂಗ್ಸ್‌ಬರೋ ಕಮ್ಯುನಿಟಿ ಕಾಲೇಜು 25 ಜನರವರೆಗಿನ ಗುಂಪುಗಳಿಗೆ ಮೂರು ಕೋರ್ಸು ಜೋಡಿಸಿ ಪರೀಕ್ಷಿಸಿತು. ಮೊದಲ ಸೆಮಿಸ್ಟರಿನಲ್ಲಿ ಅವರು ಗುಂಪಿನಲ್ಲಿಲ್ಲದವರಿಗಿಂತ ಹೆಚ್ಚು ಕೋರ್ಸು ಪಾಸಾದರು. ಲಾಭ ಇತ್ತು, ಪವಾಡವೇನೂ ಆಗಲಿಲ್ಲ.

ನನಗೆ ನಗು ಬರುವುದು ಇಲ್ಲಿಯೇ. ಅವರು ಕಷ್ಟಪಟ್ಟು ಕಟ್ಟಿದ್ದು ನಮಗೆ ಸೆಕ್ಷನ್ ಹೆಸರಿನಲ್ಲಿ ಪುಕ್ಕಟೆ ಸಿಕ್ಕಿದೆ. ವರ್ಷಪೂರ್ತಿ ಅದೇ ಅರವತ್ತು ಜನ, ಅದೇ ಕೊಠಡಿ. ಆದರೂ ನಾವು ಹಂಚಿಕೊಳ್ಳುವುದು ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಮಾತ್ರ.

ಆದ್ದರಿಂದ ಅರವತ್ತರಲ್ಲಿ ನಾಲ್ಕೈದು ಜನರನ್ನು ಹುಡುಕಿ. ಇಂಡಕ್ಷನ್ ಸಮಯದಲ್ಲಿ, ಅಂದರೆ ಹೊಸಬರಿಗೆ ಕಾಲೇಜನ್ನು ಪರಿಚಯಿಸುವ ಮೊದಲ ದಿನಗಳಲ್ಲಿ, ಸುಮಾರು 20 ಜನರಿಗೆ ಒಬ್ಬ ಅಧ್ಯಾಪಕರನ್ನು ಮೆಂಟರ್ ಎಂದು ಕೊಡಬೇಕೆಂದು ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಎಐಸಿಟಿಇ ಹೇಳುತ್ತದೆ. ನಿಮ್ಮಲ್ಲಿ ಹಾಗೆ ಮಾಡಿದ್ದರೆ ಆ ಪಟ್ಟಿಯಿಂದಲೇ ಶುರುಮಾಡಿ. ರ‍್ಯಾಂಕ್ ಬರುವವನನ್ನು ಎಳೆದು ತರುವ ಅಗತ್ಯವಿಲ್ಲ. ಬಂದರೆ ಪೆನ್ನು ಅವನ ಕೈಗೆ ಕೊಡಬೇಡಿ. ಒಬ್ಬರೇ ಮಾಡಿ ತಂದ ಹಾಳೆ ಇಲ್ಲದವರು ಅಂದಿನ ಮಟ್ಟಿಗೆ ಚಹಾ ತರಲಿ. ನಮ್ಮಲ್ಲಿ ಈ ನಿಯಮ ಇತ್ತು, ಚಹಾ ಹೆಚ್ಚಾಗಿ ನಾನೇ ತಂದಿದ್ದೇನೆ.

ಮೊದಲ ದಿನಕ್ಕೆ ಹೊಸ ಲೆಕ್ಕ ಬೇಡ. 9 ಬಂದ ಉತ್ತರ ಪತ್ರಿಕೆಯನ್ನೇ ಒಯ್ಯಿರಿ, ಅವರವರದನ್ನು ಅವರೂ ತರಲಿ. ಯಾವ ಸಾಲಿನಲ್ಲಿ ಗಾಡಿ ನಿಂತಿತೆಂದು ಒಬ್ಬರದನ್ನು ಇನ್ನೊಬ್ಬರು ಹುಡುಕಿ.