ಇಸ್ರೇಲಿನ ಈಗಿನ ಶಾಸ್ತ್ರೀಯ ಸಂಯೋಜಕರಲ್ಲಿ ಯಾರನ್ನು ಮೊದಲು ಕೇಳಬೇಕು?

ಬಾಖ್, ಬೀಥೋವನ್ ಬಿಟ್ಟರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅಷ್ಟಾಗಿ ಗೊತ್ತಿಲ್ಲ, ಇಸ್ರೇಲಿನಲ್ಲಿ ಹುಟ್ಟಿ ಈಗಲೂ ಬರೆಯುತ್ತಿರುವ ಒಬ್ಬ ಸಂಯೋಜಕರ ಬದುಕು, ಕೆಲಸದ ಬಗ್ಗೆ ತಿಳಿಸಿ ಎಂದು ಕೇಳಿದ್ದೀರಿ. ನಾನು ಹೇಳುವ ಹೆಸರು ಅವ್ನೇರ್ ಡೋರ್ಮನ್.

ಹೆಸರಿನ ಲೆಕ್ಕದಲ್ಲಿ ಶುಲಾಮಿತ್ ರಾನ್ ದೊಡ್ಡವರು. 1991ರಲ್ಲೇ ಅವರಿಗೆ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. ಹೈಫಾದಲ್ಲಿ ಹುಟ್ಟಿದ ಹಾಯಾ ಚೆರ್ನೋವಿನ್ ಬಗ್ಗೆಯೂ ತಿಳಿದವರು ತುಂಬ ಗೌರವದಿಂದ ಮಾತಾಡುತ್ತಾರೆ, ಆದರೆ ಅವರ ಸಂಗೀತ ಮೊದಲ ಸಲಕ್ಕೆ ಒಗ್ಗುವುದು ಕಷ್ಟ. ಚಿಕ್ಕಂದಿನಲ್ಲಿ ಸ್ವಲ್ಪ ಕಾಲ ಮೃದಂಗ ಕಲಿತವನು ನಾನು. ಲಯದ ಮೇಲೆ ನಿಂತ ಸಂಗೀತ ಬೇಗ ಹಿಡಿಸುತ್ತದೆ. ಹಾಗಾಗಿ ಈ ಉತ್ತರದಲ್ಲಿ ಪಕ್ಷಪಾತ ಇದೆ, ಮೊದಲೇ ಹೇಳಿಬಿಡ್ತೀನಿ.

ಡೋರ್ಮನ್ ಹುಟ್ಟಿದ್ದು 1975ರಲ್ಲಿ, ಟೆಲ್ ಅವೀವಿನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಗೀತದ ಜೊತೆಗೆ ಭೌತಶಾಸ್ತ್ರವನ್ನೂ ಓದಿದರು. ಸಂಯೋಜನೆ ಕಲಿಸಿದವರು ಯೋಸೆಫ್ ಬರ್ದನಶ್ವಿಲಿ. ಇವರು ಜಾರ್ಜಿಯಾ ದೇಶದ ಬಟೂಮಿಯವರು, 1995ರಲ್ಲಿ ಇಸ್ರೇಲಿಗೆ ಬಂದು ನೆಲೆಸಿದವರು. ಇಸ್ರೇಲ್ ಅಂದರೆ ಎಲ್ಲೆಲ್ಲಿಂದಲೋ ಬಂದವರು ತಮ್ಮ ತಮ್ಮ ಹಾಡು, ತಾಳ ಹೊತ್ತು ತಂದ ನಾಡು. ಶಿಷ್ಯನ ಸಂಗೀತದಲ್ಲಿ ಅದು ಚೆನ್ನಾಗಿ ಕೇಳಿಸುತ್ತದೆ. 25ನೇ ವಯಸ್ಸಿಗೆ 'ಎಲ್ಲೆಫ್ ಸಿಂಫನಿ'ಗೆ ಇಸ್ರೇಲಿನ ಪ್ರಧಾನಮಂತ್ರಿ ಪ್ರಶಸ್ತಿ ಬಂತು. ಅಷ್ಟು ಚಿಕ್ಕ ವಯಸ್ಸಿನ ಸಂಯೋಜಕರಿಗೆ ಅದು ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಆಮೇಲೆ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ಶಾಲೆಗೆ ಹೋಗಿ ಸಂಯೋಜಕ ಜಾನ್ ಕೊರಿಲ್ಯಾನೊ ಹತ್ತಿರ ಡಾಕ್ಟರೇಟ್ ಮಾಡಿದರು. ಅಮೆರಿಕದಲ್ಲೇ ಉಳಿದು, ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಹಿಡಿದರು. ಹೌದು, ಲಿಂಕನ್ ಭಾಷಣದ ಅದೇ ಗೆಟ್ಟಿಸ್‌ಬರ್ಗ್.

ಇಲ್ಲಿಯತನಕದ್ದು ಯಾವುದೇ ಜಾಣ ಹುಡುಗನ ಬಯೋಡೇಟಾದಲ್ಲಿ ಇರುವಂಥದ್ದೇ. ಇವರು ಬೇರೆಯಾಗುವುದು ಯಾವ ವಾದ್ಯಕ್ಕೆ, ಯಾರಿಗೋಸ್ಕರ ಬರೆದರು ಅನ್ನುವುದರಲ್ಲಿ. ಪಿಯಾನೋ, ಪಿಟೀಲಿಗೆ ಕಾನ್ಚೆರ್ಟೊಗಳು (ಒಂದು ವಾದ್ಯ ಮುಂದೆ ನಿಂತು, ಆರ್ಕೆಸ್ಟ್ರಾ ಜೊತೆಗೂಡಿ ನುಡಿಸುವ ಕೃತಿಗಳು) ರಾಶಿ ರಾಶಿ ಇವೆ. ತಾಳವಾದ್ಯದವರು ಮಾತ್ರ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ನಿಂತು ತಮ್ಮ ಸರದಿ ಕಾಯುತ್ತಿರುತ್ತಾರೆ. ಅಂಥವರನ್ನು ಡೋರ್ಮನ್ ಎದುರಿಗೆ ತಂದು ನಿಲ್ಲಿಸಿದರು.

ಅದಿ ಮೊರಾಗ್, ತೋಮರ್ ಯಾರಿವ್ ಎಂಬ ಇಬ್ಬರು ಮರಿಂಬಾ (ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ) ವಾದಕರ ಜೋಡಿ ಇದೆ, ಹೆಸರು ಪರ್ಕಾಡು. ಅವರಿಗಾಗಿ ಬರೆದ 'ಸ್ಪೈಸಸ್, ಪರ್ಫ್ಯೂಮ್ಸ್, ಟಾಕ್ಸಿನ್ಸ್!' ಎಂಬ ಕೃತಿ 2006ರಲ್ಲಿ ಇಸ್ರೇಲ್ ಫಿಲ್ಹಾರ್ಮೋನಿಕ್ ಜೊತೆ ಮೊದಲ ಸಲ ಕೇಳಿಬಂತು. ಆರ್ಕೆಸ್ಟ್ರಾ ನಡೆಸಿದವರು ನಮ್ಮ ಮುಂಬೈನ ಜುಬಿನ್ ಮೆಹ್ತಾ. ಆಮೇಲೆ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಜೊತೆಗೂ ಮೆಹ್ತಾ ಅವರೇ ಅದನ್ನು ನಡೆಸಿಕೊಟ್ಟರು. ಮಸಾಲೆ, ಸುಗಂಧ, ವಿಷ: ಮೂರೂ ಸೆಳೆಯುತ್ತವೆ, ಮೂರರಲ್ಲೂ ಅಪಾಯ ಇದೆ. ಮೊದಲ ಭಾಗದಲ್ಲಿ ಮಧ್ಯಪ್ರಾಚ್ಯದ ಮತ್ತು ಭಾರತದ ಸ್ವರಗಳು, ನಮ್ಮ ತಾಳದ ರೀತಿಯ ಆವರ್ತಗಳು ಬರುತ್ತವೆ. ಕೊನೆಯ ಭಾಗ ಮಾತ್ರ ನನಗೆ ಸ್ವಲ್ಪ ಜಾಸ್ತಿಯಾಯ್ತು ಅನ್ನಿಸುತ್ತದೆ. ಚಪ್ಪಾಳೆಗೆ ಬರೆದಂತಿದೆ. ಚಪ್ಪಾಳೆ ಬೀಳುವುದಂತೂ ಖಂಡಿತ.

ಅದಕ್ಕಿಂತ ನನಗೆ ಇಷ್ಟವಾಗಿದ್ದು 2007ರ 'ಫ್ರೋಜನ್ ಇನ್ ಟೈಮ್'. ಆಸ್ಟ್ರಿಯಾದ ತಾಳವಾದ್ಯ ವಾದಕ ಮಾರ್ಟಿನ್ ಗ್ರುಬಿಂಗರ್ ಅವರಿಗೆ ಬರೆದದ್ದು. ಭೂಮಿಯ ಖಂಡಗಳು ಒಂದಕ್ಕೊಂದು ಅಂಟಿಕೊಂಡಿದ್ದ ಕಾಲವನ್ನು ಕಲ್ಪಿಸಿಕೊಂಡು ಮಾಡಿದ ಕೃತಿ ಇದು. ಮೊದಲ ಭಾಗದ ಹೆಸರು 'ಇಂಡೋ ಆಫ್ರಿಕಾ'. ಅದರ ಮುಖ್ಯ ಎಳೆಗೆ ದಕ್ಷಿಣ ಭಾರತದ ತಾಳಗಳೇ ಆಧಾರ, ಜೊತೆಗೆ ಪಶ್ಚಿಮ ಆಫ್ರಿಕಾದ ಲಯ ಸೇರುತ್ತದೆ. ನಡುವೆ ವಾದಕ ಒಬ್ಬನೇ ನುಡಿಸುವ ಜಾಗ ಬಂದಾಗ, ತನಿ ಕೇಳಿ ಬೆಳೆದವರು ಸುಮ್ನೆ ಕೂರುವುದು ಕಷ್ಟ. ಆದರೆ ನಮ್ಮ ಕಚೇರಿಯ ತರ ಒಂದೇ ತಾಳ ಕೊನೆತನಕ ಇರುತ್ತದೆ ಅಂದುಕೊಂಡು ಕೈಯಲ್ಲಿ ತಾಳ ಹಾಕಲು ಹೋಗಬೇಡಿ.

ಇನ್ನು ಮ್ಯಾಂಡೋಲಿನ್. ನಮಗೆ ಆ ಹೆಸರು ಕೇಳಿದರೆ ಯು. ಶ್ರೀನಿವಾಸ್ ನೆನಪಾಗುತ್ತಾರೆ, ಅಲ್ವಾ? ಅವರದು ವಿದ್ಯುತ್ ಮ್ಯಾಂಡೋಲಿನ್, ಗಮಕಕ್ಕೆ ಒಗ್ಗಿಸಿಕೊಂಡದ್ದು. ಯುರೋಪಿನ ಮಾಮೂಲಿ ಮ್ಯಾಂಡೋಲಿನ್ನಿನಲ್ಲಿ ತಂತಿ ಮೀಟಿದ ಕೂಡಲೇ ನಾದ ಸತ್ತುಹೋಗುತ್ತದೆ. ಸ್ವರವನ್ನು ಉಳಿಸಿಕೊಳ್ಳಬೇಕಾದರೆ ಅದನ್ನೇ ಬಿಡದೆ ಪಟಪಟ ಮೀಟುತ್ತಿರಬೇಕು. ಇದಕ್ಕೆ ಟ್ರೆಮೊಲೊ ಎನ್ನುತ್ತಾರೆ. ಇಸ್ರೇಲಿನ ಬೇರ್‌ಶೆವಾ ಊರಿನ ಮ್ಯಾಂಡೋಲಿನ್ ವಾದಕ ಆವಿ ಆವಿಟಾಲ್ ಅವರಿಗಾಗಿ 2006ರಲ್ಲಿ ಕಾನ್ಚೆರ್ಟೊ ಬರೆದಾಗ ಡೋರ್ಮನ್ ಹಿಡಿದದ್ದು ಇದೇ ಎಳೆಯನ್ನು. ಕೈ ಓಡುತ್ತಲೇ ಇದೆ, ಸ್ವರ ಮಾತ್ರ ನಿಂತಲ್ಲೇ ನಿಂತಿದೆ. ಚಲನೆಯೋ, ನಿಶ್ಚಲವೋ? ಇಡೀ ಕೃತಿ ಈ ಜಗ್ಗಾಟದಲ್ಲೇ ನಡೆಯುತ್ತದೆ. ಹೆಚ್ಚುಕಮ್ಮಿ ಕಾಲು ಗಂಟೆಯದ್ದು. ಇದರ ಧ್ವನಿಮುದ್ರಣದಿಂದ 2010ರಲ್ಲಿ ಆವಿಟಾಲ್ ಅವರಿಗೆ ಗ್ರ್ಯಾಮಿ ನಾಮನಿರ್ದೇಶನ ಬಂತು. ಶಾಸ್ತ್ರೀಯ ವಿಭಾಗದಲ್ಲಿ ಮ್ಯಾಂಡೋಲಿನ್ ವಾದಕರೊಬ್ಬರು ಅಲ್ಲಿಯತನಕ ಹೋದದ್ದು ಅದೇ ಮೊದಲು.

ಪಿಟೀಲು ಇಷ್ಟಪಡುವವರಾದರೆ 'ನಿಗುನಿಮ್' ಇದೆ. ಪಿಟೀಲು ವಾದಕ ಗಿಲ್ ಶಹಾಮ್ ಮತ್ತು ಪಿಯಾನೋ ನುಡಿಸುವ ಅವರ ತಂಗಿ ಓರ್ಲಿ ಅವರಿಗಾಗಿ 2011ರಲ್ಲಿ ಬರೆದದ್ದು. ಉತ್ತರ ಆಫ್ರಿಕಾದ ಯಹೂದಿ ಪಠಣ, ಜಾರ್ಜಿಯಾದ ಲಯ, ಮ್ಯಾಸಿಡೋನಿಯಾದ ಕುಣಿತ ಎಲ್ಲ ಅದರಲ್ಲಿ ಸೇರಿವೆ. ಮುಂದೆ ಅದನ್ನು ಆರ್ಕೆಸ್ಟ್ರಾಕ್ಕೂ ಹೊಂದಿಸಿದರು. 2018ರಲ್ಲಿ ಕೆನಡಾದ ಅಜ್ರಿಯೇಲಿ ಪ್ರಶಸ್ತಿ ಬಂತು.

ಇವರ ಅತಿ ಧೈರ್ಯದ ಕೆಲಸ ಅಂದರೆ ನನ್ನ ಪ್ರಕಾರ 'ವಾನ್‌ಫ್ರೀಡ್' ಎಂಬ ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಜರ್ಮನಿಯ ರಿಚರ್ಡ್ ವಾಗ್ನರ್ ದೊಡ್ಡ ಸಂಯೋಜಕ, ಜೊತೆಗೆ ಯಹೂದಿಗಳ ವಿರುದ್ಧ ವಿಷ ಕಾರಿದವನು. 1938ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಯಹೂದಿಗಳ ಮೇಲೆ ದಾಳಿಯಾದ ಮೇಲೆ, ಆಗಿನ ಪ್ಯಾಲೆಸ್ಟೈನ್ ಆರ್ಕೆಸ್ಟ್ರಾ (ಈಗಿನ ಇಸ್ರೇಲ್ ಫಿಲ್ಹಾರ್ಮೋನಿಕ್) ಅವನ ಸಂಗೀತವನ್ನು ಕೈಬಿಟ್ಟಿತು. ಕಾನೂನು ಅಂತ ಏನೂ ಇಲ್ಲ, ಆದರೂ ಇಸ್ರೇಲಿನಲ್ಲಿ ವಾಗ್ನರ್ ನುಡಿಸುವುದು ಇವತ್ತಿಗೂ ಜಗಳದ ವಿಷಯ. 1981ರಲ್ಲಿ ಮೆಹ್ತಾ ಪ್ರಯತ್ನಪಟ್ಟಾಗ ಸಭಾಂಗಣದಲ್ಲೇ ಗಲಾಟೆಯಾಯಿತು.

ಅಂಥ ದೇಶದಿಂದ ಬಂದ ಡೋರ್ಮನ್, ಜರ್ಮನಿಯ ಬೈರಾಯ್ಟ್ ಊರಿನ ವಾಗ್ನರ್ ಮನೆಯ ಹೆಸರನ್ನೇ ತಮ್ಮ ಆಪೆರಾಕ್ಕೆ ಇಟ್ಟು, ಅದನ್ನು ಜರ್ಮನ್ ಭಾಷೆಯಲ್ಲೇ ಮಾಡಿ, 2017ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹ್‌ನ ರಂಗದ ಮೇಲೆ ತಂದರು. ಕಥೆಯ ನಡುವೆ ಇರುವವನು ಹ್ಯೂಸ್ಟನ್ ಸ್ಟೂವರ್ಟ್ ಚೇಂಬರ್ಲಿನ್. ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ವಾಗ್ನರನ ಹುಚ್ಚು ಹಿಡಿದು ಜರ್ಮನ್ ಆದವನು, ಅವನ ಮಗಳು ಎವಾಳನ್ನು ಮದುವೆಯಾದವನು. ಜನಾಂಗದ ಮೇಲುಕೀಳಿನ ಬಗ್ಗೆ 1899ರಲ್ಲಿ ಅವನು ಬರೆದ ಪುಸ್ತಕ ಮುಂದೆ ನಾಜಿಗಳಿಗೆ ಪ್ರಿಯವಾಯಿತು. 1923ರಲ್ಲಿ ಹಿಟ್ಲರ್ ಅವನನ್ನು ಕಾಣಲು ಬೈರಾಯ್ಟಿಗೇ ಹೋಗಿದ್ದ. ಸತ್ತ ವಾಗ್ನರನೂ ಆಪೆರಾದಲ್ಲಿ ಪಿಶಾಚಿಯ ತರ ಬರುತ್ತಾನೆ. 2025ರಲ್ಲಿ ಇದು ಇಂಗ್ಲೆಂಡಿನ ಲಾಂಗ್‌ಬರೋ ಉತ್ಸವದಲ್ಲೂ ಪ್ರದರ್ಶನ ಕಂಡಿತು. ಆ ಉತ್ಸವ ಹೆಸರು ಮಾಡಿದ್ದೇ ವಾಗ್ನರ್ ಆಪೆರಾಗಳಿಂದ!

ಕೇಳುವ ಕ್ರಮ ಬೇಕಾದರೆ ಮೊದಲು ಮ್ಯಾಂಡೋಲಿನ್ ಕಾನ್ಚೆರ್ಟೊ, ಆಮೇಲೆ 'ಫ್ರೋಜನ್ ಇನ್ ಟೈಮ್', ಮೂರನೆಯದು 'ನಿಗುನಿಮ್'. ತಾಳವಾದ್ಯದ ಕೃತಿಗಳನ್ನು ಮಾತ್ರ ವಿಡಿಯೋದಲ್ಲೇ ನೋಡಿ. ಯಾವ ಪೆಟ್ಟು ಯಾವ ವಾದ್ಯದ್ದು ಅಂತ ಬರೀ ಕಿವಿಗೆ ಗೊತ್ತಾಗುವುದಿಲ್ಲ.